ನಿಂತಿದ್ದು ನಾಲ್ಕು ಕಂಟ್ರೋಲರ್, ಬಿಟ್ಟಿದ್ದು ಒಂದೇ ತಂತಿ

ಸ್ಪರ್ಧೆಗೆ ಮೂರು ದಿನ ಉಳಿದಿತ್ತು. ಮಕ್ಕಳು ಕಟ್ಟಿದ ರೋಬೋಟ್ ಅಭ್ಯಾಸದ ಅಂಕಣದಲ್ಲಿ ಚೆನ್ನಾಗಿಯೇ ಓಡಾಡುತ್ತಿತ್ತು. ನೆಲಕ್ಕೆ ಬಡಿದಿದ್ದ ಮರದ ಪಟ್ಟಿಯನ್ನು ಹತ್ತಿ ಇಳಿದದ್ದೇ ತಡ, ಗಿರ್ರನೆ ಬಲಕ್ಕೆ ತಿರುಗಿಬಿಟ್ಟಿತು. ಎಡಗಡೆ ಚಕ್ರ ಉರುಳುತ್ತಿದೆ, ಬಲಗಡೆಯದು ಅಲುಗುತ್ತಿಲ್ಲ.

"ಸರ್, ಬಲಗಡೆ ಹೋಯ್ತು. ಲಿಫ್ಟೂ ಮೇಲೇಳ್ತಿಲ್ಲ" ಎಂದಳು ಓಡಿಸುತ್ತಿದ್ದ ಹುಡುಗಿ.

ಆ ಒಂದು ವಾಕ್ಯ ನಮ್ಮನ್ನು ಸುಮಾರು ಎರಡು ಗಂಟೆ ಅಡ್ಡದಾರಿಯಲ್ಲಿ ಸುತ್ತಾಡಿಸಿತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ನಾವು ಕೇಳಿಸಿಕೊಂಡ ರೀತಿ ಸರಿಯಿರಲಿಲ್ಲ. ನಾನು ಈ ತಂಡದ ಮಾರ್ಗದರ್ಶಿ. ಆ ಮಧ್ಯಾಹ್ನ ನಡೆದದ್ದನ್ನು, ದಾರಿ ತಪ್ಪಿದ್ದನ್ನೂ ಬಿಡದೆ, ಇಲ್ಲಿ ಬರೆಯುತ್ತಿದ್ದೇನೆ.

ರೋಬೋಟಿನ ಒಳಗೆ

ಆರು ಮೋಟರ್, ಅವುಗಳ ವೇಗ ಹಿಡಿತದಲ್ಲಿಡಲು ಆರು ಮೋಟರ್ ಕಂಟ್ರೋಲರ್. ಎಡ ಚಕ್ರಗಳಿಗೆ ಎರಡು, ಬಲ ಚಕ್ರಗಳಿಗೆ ಎರಡು, ಲಿಫ್ಟ್‌ಗೆ ಒಂದು, ಚೆಂಡು ಎಳೆದುಕೊಳ್ಳುವ ರೋಲರ್‌ಗೆ ಒಂದು. ಮೆದುಳಾಗಿ ರೋಬೋರಿಯೊ ಎಂಬ ಸಣ್ಣ ಕಂಪ್ಯೂಟರ್. 12 ವೋಲ್ಟ್ ಬ್ಯಾಟರಿಯಿಂದ ಬರುವ ಕರೆಂಟ್ 120 ಆಂಪಿಯರ್‌ನ ಮುಖ್ಯ ಬ್ರೇಕರ್ ದಾಟಿ ಪವರ್ ಪ್ಯಾನೆಲ್‌ಗೆ ಬರುತ್ತದೆ. ಅಲ್ಲಿಂದ ಪ್ರತಿ ಕಂಟ್ರೋಲರ್‌ಗೂ 40 ಆಂಪಿಯರ್‌ನ ಒಂದೊಂದು ಬ್ರೇಕರ್.

ಕರೆಂಟ್ ಹೀಗೆ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಆಜ್ಞೆ ಹೋಗುವುದು ಹಾಗಲ್ಲ. 'ಇಷ್ಟು ವೇಗದಲ್ಲಿ ತಿರುಗು' ಎಂಬ ಮಾತು ಕ್ಯಾನ್ ಬಸ್‌ನಲ್ಲಿ ಓಡುತ್ತದೆ. ಹೆಣೆದುಕೊಂಡ ಎರಡೇ ತಂತಿ. ಹಳದಿಯದು ಕ್ಯಾನ್-ಹೈ, ಹಸಿರಿನದು ಕ್ಯಾನ್-ಲೋ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಕಾರುಗಳಿಗೆಂದು ಹೊರತಂದ ವ್ಯವಸ್ಥೆ ಇದು. ತಂತಿ ರೋಬೋರಿಯೊದಲ್ಲಿ ಹೊರಟು, ಒಂದು ಕಂಟ್ರೋಲರ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಕೊನೆಗೆ ಪವರ್ ಪ್ಯಾನೆಲ್‌ನಲ್ಲಿ ಮುಗಿಯುತ್ತದೆ. ಹೂವಿನ ದಂಡೆಯ ಹಾಗೆ ಅಂದುಕೊಳ್ಳಿ. ಎಲ್ಲರೂ ಒಂದೇ ದಾರದಲ್ಲಿ.

ಈ ದಂಡೆ ನಮ್ಮೆಲ್ಲರಿಗೂ ಗೊತ್ತಿತ್ತು. ಆದರೆ ಯಾವ ಹೂವಿನ ಪಕ್ಕ ಯಾವುದಿದೆ ಅನ್ನುವುದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

ಮೊದಲ ಗಂಟೆ: ಕೋಡ್, ಬ್ಯಾಟರಿ

ಹಿಂದಿನ ರಾತ್ರಿಯಷ್ಟೇ ಕೋಡ್ ಬದಲಾಗಿತ್ತು. ಹಾಗಾಗಿ ಮೊದಲ ಅನುಮಾನ ಅದರ ಮೇಲೆ ಬಂತು. ಕೋಡ್ ಬರೆಯುವ ಹುಡುಗನ ಮುಖ ಸಪ್ಪಗಾಯಿತು. ಪಾಪ, ಮರುಮಾತಾಡದೆ ಹಿಂದಿನ ವಾರದ ಕೋಡ್ ತಂದು ಹಾಕಿದ. ಏನೂ ಬದಲಾಗಲಿಲ್ಲ. ನಿಜ ಹೇಳಬೇಕೆಂದರೆ, ಪಟ್ಟಿ ಹತ್ತಿ ಇಳಿದ ಕ್ಷಣಕ್ಕೇ ಕೈಕೊಟ್ಟ ರೋಬೋಟ್‌ನಲ್ಲಿ ಕೋಡ್ ಹುಡುಕುವುದು ಮೊದಲ ಕೆಲಸ ಆಗಬಾರದಿತ್ತು. ಕೋಡ್‌ಗೆ ಕುಲುಕಾಟ ತಟ್ಟುವುದಿಲ್ಲ.

ಆಮೇಲೆ ಬ್ಯಾಟರಿ. ವೋಲ್ಟೇಜ್ ತೀರಾ ಕುಸಿದರೆ ರೋಬೋರಿಯೊ ತನ್ನನ್ನು ಉಳಿಸಿಕೊಳ್ಳಲು ಮೋಟರ್‌ಗಳನ್ನು ಬಿಟ್ಟುಬಿಡುತ್ತದೆ. ನಮ್ಮಲ್ಲಿದ್ದ ಮೊದಲ ಮಾದರಿಯಲ್ಲಿ ಅದರ ಗೆರೆ 6.3 ವೋಲ್ಟ್. ಲಾಗ್ ತೆಗೆದು ನೋಡಿದೆವು. ಆ ಹೊತ್ತಿನಲ್ಲಿ 9 ವೋಲ್ಟ್‌ಗಿಂತ ಕೆಳಗೆ ಇಳಿದೇ ಇಲ್ಲ. ಅದೂ ಅಲ್ಲದೆ, ಹಾಗೆ ಕುಸಿದಿದ್ದರೆ ಆರೂ ಮೋಟರ್ ಒಟ್ಟಿಗೆ ನಿಲ್ಲಬೇಕಿತ್ತು, ಅಲ್ವಾ? ಎಡಗಡೆ ಆರಾಮಾಗಿ ತಿರುಗುತ್ತಿತ್ತು. ಬ್ಯಾಟರಿಯನ್ನು ಐದೇ ನಿಮಿಷದಲ್ಲಿ ಕೈಬಿಟ್ಟೆವು.

ಲಿಫ್ಟಿನ ಕಂಟ್ರೋಲರ್ ಬದಲಾಯಿಸಿದ್ದು

ಲಿಫ್ಟಿನ ಕಂಟ್ರೋಲರ್ ಮೇಲಿನ ದೀಪ ನಿಧಾನವಾಗಿ ಕೆಂಪಾಗಿ ಮಿನುಗುತ್ತಿತ್ತು. ಒಂದೊಂದು ಕಂಪನಿಯ ದೀಪದ ಭಾಷೆ ಒಂದೊಂದು ಥರ. ನಮ್ಮಲ್ಲಿದ್ದವುಗಳಲ್ಲಿ ಕಿತ್ತಳೆ ಮಿನುಗಿದರೆ 'ಬಸ್ ಕೇಳಿಸುತ್ತಿದೆ, ಆಜ್ಞೆಗೆ ಕಾಯುತ್ತಿದ್ದೇನೆ' ಎಂದರ್ಥ. ನಿಧಾನದ ಕೆಂಪು ಅಂದರೆ 'ನನಗೆ ಏನೂ ಕೇಳಿಸುತ್ತಿಲ್ಲ'. ಆ ಗಡಿಬಿಡಿಯಲ್ಲಿ ನಾವು ಅದನ್ನು 'ನಾನು ಕೆಟ್ಟಿದ್ದೇನೆ' ಎಂದು ಓದಿದೆವು. ಎರಡರ ನಡುವೆ ಎಷ್ಟು ವ್ಯತ್ಯಾಸ ನೋಡಿ. ಕಿವಿ ಕೆಟ್ಟಿದೆಯೋ, ಮಾತಾಡುವವರ ದನಿಯೇ ತಲುಪುತ್ತಿಲ್ಲವೋ?

ಹಳೆಯ ರೋಬೋಟ್‌ನಿಂದ ಬಿಚ್ಚಿಟ್ಟಿದ್ದ ಒಂದು ಕಂಟ್ರೋಲರ್ ಡಬ್ಬಿಯಲ್ಲಿತ್ತು. ಲಿಫ್ಟಿನದನ್ನು ತೆಗೆದು ಅದನ್ನು ಹಾಕಿದರು. ಕನೆಕ್ಟರ್ ಚಕ್ ಅಂತ ಕೂತಿತು. ಪವರ್ ಕೊಟ್ಟರೆ ಎಲ್ಲ ದೀಪಗಳೂ ಕಿತ್ತಳೆ! ಬಲಗಡೆಯವೂ ಎದ್ದಿದ್ದವು. ಮಕ್ಕಳು ಕುಣಿದಾಡಿಬಿಟ್ಟರು.

ಲಿಫ್ಟಿನ ಕಂಟ್ರೋಲರ್ ಬದಲಾಯಿಸಿದರೆ ಬಲ ಚಕ್ರ ಯಾಕೆ ಏಳಬೇಕು? ಈ ಪ್ರಶ್ನೆ ಅಲ್ಲೇ, ಆಗಲೇ ಕೇಳಬೇಕಿತ್ತು. ನಾನೂ ಕೇಳಲಿಲ್ಲ. ನಮ್ಮ ಮಾದರಿಯ ಕಂಟ್ರೋಲರ್‌ನಲ್ಲಿ ಬಸ್ ತಂತಿ ಒಳಗಿಂದ ನೇರವಾಗಿ ಹಾದುಹೋಗುತ್ತದೆ. ಒಂದು ಕಂಟ್ರೋಲರ್ ಸುಟ್ಟುಹೋಗಿ ಪವರ್ ಇಲ್ಲದೆ ಬಿದ್ದಿದ್ದರೂ ಮುಂದಿನವರಿಗೆ ಮಾತು ತಲುಪುತ್ತಿರುತ್ತದೆ. ಅಂದರೆ ಹಳೆಯ ಕಂಟ್ರೋಲರ್ ಕೆಟ್ಟಿತ್ತೆಂದೇ ಇಟ್ಟುಕೊಂಡರೂ ಬಲಗಡೆ ನಿಲ್ಲುವುದಕ್ಕೆ ಅದು ಕಾರಣವಾಗಲಾರದು. ಆಗಿದ್ದೇನೆಂದರೆ, ಬದಲಾಯಿಸುವಾಗ ಕನೆಕ್ಟರ್ ಬಿಚ್ಚಿ ಮತ್ತೆ ಹಾಕಿದೆವು. ಆ ಎಳೆದಾಟದಲ್ಲಿ ಬಿಟ್ಟುಹೋಗಿದ್ದ ತಂತಿ ಸುಮ್ನೆ ಒಂದಿಷ್ಟು ಹೊತ್ತು ತಾಗಿಕೊಂಡಿತು. ಅಷ್ಟೇ.

ಇಲ್ಲಿ ಇನ್ನೊಂದು ಸಂಗತಿ ನಡೆಯಿತು. ಇಡೀ ದಿನದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅದೇ. ರೋಬೋಟನ್ನು ಮರದ ದಿಮ್ಮಿಗಳ ಮೇಲೆ ಎತ್ತಿಟ್ಟಿದ್ದೆವು, ಚಕ್ರ ನೆಲಕ್ಕೆ ತಾಗದ ಹಾಗೆ. ಪರೀಕ್ಷೆಗೆಂದು ಅವಳು ಜಾಯ್‌ಸ್ಟಿಕ್ ಮೆಲ್ಲಗೆ ಮುಂದಕ್ಕೆ ಒತ್ತಿದಳು. ಚಕ್ರ ತಿರುಗಿದವು. ಅದರ ಜೊತೆಗೇ ಲಿಫ್ಟ್ ಕೂಡ ಧಡಕ್ ಅಂತ ಮೇಲೆದ್ದಿತು. ಲಿಫ್ಟಿಗೆ ಯಾರೂ ಆಜ್ಞೆ ಕೊಟ್ಟಿರಲಿಲ್ಲ. ಕಂಬದಿಂದ ಒಂದು ಗೇಣು ದೂರದಲ್ಲಿ ಒಬ್ಬ ಹುಡುಗನ ಕೈ ಇತ್ತು.

"ನಿಲ್ಸು!" ಎಂದು ಕೂಗಿದೆ. ಅವಳು ಆಗಲೇ ನಿಲ್ಲಿಸಿದ್ದಳು. ಮುಖ್ಯ ಬ್ರೇಕರ್ ಒತ್ತಿ ಪವರ್ ತೆಗೆದು, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಅಂದಿನಿಂದ ಕಂಟ್ರೋಲರ್ ಬದಲಾಯಿಸಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಯಾರ ಕೈಯೂ ಚೌಕಟ್ಟಿನೊಳಗೆ ಇರಕೂಡದು. ಓಡಿಸುವವರು 'ಚಾಲೂ' ಎಂದು ಜೋರಾಗಿ ಹೇಳಬೇಕು, ಎಲ್ಲರೂ ಕೈ ಎತ್ತಿ ತೋರಿಸಬೇಕು.

ಒಂದೇ ನಂಬರಿನ ಇಬ್ಬರು

ಬಸ್‌ನಲ್ಲಿ ಪ್ರತಿ ಕಂಟ್ರೋಲರ್‌ಗೂ ಒಂದು ಐಡಿ ನಂಬರ್ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಎಡಕ್ಕೆ 1, 2. ಬಲಕ್ಕೆ 3, 4. ಲಿಫ್ಟ್ 5, ರೋಲರ್ 6. ಡಬ್ಬಿಯಿಂದ ತೆಗೆದ ಕಂಟ್ರೋಲರ್ ಹಳೆಯ ರೋಬೋಟ್‌ನಲ್ಲಿ 3 ಆಗಿತ್ತು. ಆ ನಂಬರ್ ಅದರ ನೆನಪಿನಲ್ಲಿ ಹಾಗೇ ಉಳಿದಿತ್ತು. ಈಗ ಬಸ್‌ನಲ್ಲಿ ಇಬ್ಬರು 3. 'ಮೂರನೆಯವನೇ, ತಿರುಗು' ಎಂದರೆ ಇಬ್ಬರೂ ತಿರುಗಿದರು.

ಇಂಥ ಸ್ಪರ್ಧೆಯ ರೋಬೋಟ್‌ಗಳ ಕ್ಯಾನ್ ಸಂದೇಶದ ವಿಳಾಸ 29 ಬಿಟ್‌ನದು. ಸಾಧನ ಯಾವ ಬಗೆಯದು ಎನ್ನಲು 5 ಬಿಟ್, ತಯಾರಕರಿಗೆ 8, ಆಜ್ಞೆಯ ಬಗೆಗೆ 10, ಕೊನೆಯ 6 ಬಿಟ್ ಐಡಿ ನಂಬರಿಗೆ. ಆದ್ದರಿಂದ ಪವರ್ ಪ್ಯಾನೆಲ್ ಕೂಡ 3, ಮೋಟರ್ ಕಂಟ್ರೋಲರ್ ಕೂಡ 3 ಆಗಿದ್ದರೆ ತೊಂದರೆಯಿಲ್ಲ. ಬಗೆ ಬೇರೆ ಇರುವುದರಿಂದ ವಿಳಾಸವೂ ಬೇರೆಯಾಗುತ್ತದೆ. ಒಂದೇ ಕಂಪನಿಯ, ಒಂದೇ ಬಗೆಯ ಇಬ್ಬರು ಒಂದೇ ನಂಬರ್ ಹೊತ್ತರೆ ಮಾತ್ರ ಪೇಚು. ಇಬ್ಬರೂ ತಮ್ಮ ಸ್ಥಿತಿ ಹೇಳಿಕೊಳ್ಳಲು ಒಂದೇ ವಿಳಾಸದಲ್ಲಿ, ಒಂದೇ ಹೊತ್ತಿಗೆ, ಬೇರೆ ಬೇರೆ ಅಂಕಿ ಕಳಿಸಲು ಹೋಗುತ್ತಾರೆ. ಮಾತು ಮಾತಿಗೆ ಡಿಕ್ಕಿ ಹೊಡೆಯುತ್ತದೆ. ಕ್ಯಾನ್ ನಿಯಮದ ಪ್ರಕಾರ ಕಳಿಸುವಾಗ ಆದ ಪ್ರತಿ ತಪ್ಪಿಗೆ ಕಳಿಸಿದವನ ಲೆಕ್ಕಕ್ಕೆ 8 ಸೇರುತ್ತದೆ, ಸರಿಯಾಗಿ ಹೋದ ಪ್ರತಿ ಮಾತಿಗೆ 1 ಕಳೆಯುತ್ತದೆ. ಲೆಕ್ಕ 255 ದಾಟಿದರೆ ಆ ಸಾಧನ ಬಸ್ ಬಿಟ್ಟು ಹೊರಗೆ ಕೂರಬೇಕು.

ಓಡಿಸುವ ಲ್ಯಾಪ್‌ಟಾಪ್‌ನ ಪರದೆಯ ಮೇಲೆ '5 ಸಿಗುತ್ತಿಲ್ಲ' ಎಂಬ ಸಾಲು ಬರುತ್ತಲೇ ಇತ್ತಂತೆ. ಬೆಳಿಗ್ಗೆಯಿಂದ ಅಷ್ಟೊಂದು ಕೆಂಪು ಸಾಲುಗಳು ಓಡುತ್ತಿದ್ದುದರಿಂದ ಯಾರೂ ಅದನ್ನು ಓದಿರಲಿಲ್ಲ. ಬಲಗಡೆಯ 3ರ ಬ್ರೇಕರ್ ಕಿತ್ತು ಅದನ್ನು ಮಲಗಿಸಿದೆವು. ಆಗ ಬಸ್‌ನಲ್ಲಿ ಉಳಿದದ್ದು ಒಂದೇ 3, ಲಿಫ್ಟಿನದು. ಅದರ ನಂಬರನ್ನು 5 ಮಾಡಿ, ಬ್ರೇಕರ್ ಮತ್ತೆ ಹಾಕಿದೆವು. ಎರಡನ್ನೂ ಎಬ್ಬಿಸಿಟ್ಟು ನಂಬರ್ ಬದಲಾಯಿಸಲು ಹೋದರೆ ಯಾರದು ಬದಲಾಯಿತು ಅಂತಲೇ ಗೊತ್ತಾಗುವುದಿಲ್ಲ.

ಈ ಗೊಂದಲ ನಾವೇ ತಂದುಕೊಂಡದ್ದು. ಮೊದಲ ತೊಂದರೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಇದನ್ನು ಸರಿಮಾಡಿದ ಮೇಲೆ ಎಲ್ಲ ಮುಗಿಯಿತು ಅನ್ನಿಸಿತು. ರೋಬೋಟನ್ನು ನೆಲಕ್ಕಿಳಿಸಿದೆವು. ಎರಡು ಸುತ್ತು ಹೊಡೆಯಿತು. ಮೂರನೆಯ ಸಲ ಪಟ್ಟಿ ಹತ್ತಿ ಇಳಿಯಿತು ನೋಡಿ, ಬಲಕ್ಕೆ ಗಿರ್ರನೆ ತಿರುಗಿ ನಿಂತಿತು.

ದಂಡೆಯ ಚಿತ್ರ

ಆಗ ವೈರಿಂಗ್ ನೋಡಿಕೊಳ್ಳುವ ಹುಡುಗಿ ಕೇಳಿದಳು: "ಸರ್, ರೋಲರ್ ತಿರುಗುತ್ತಾ ಅಂತ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಬೆಳಿಗ್ಗೆಯಿಂದ ರೋಲರ್ ಬಳಸುವ ಸಂದರ್ಭವೇ ಬಂದಿರಲಿಲ್ಲ. ಗುಂಡಿ ಒತ್ತಿದರೆ ತಿರುಗಲಿಲ್ಲ. ಅದರ ದೀಪವೂ ನಿಧಾನದ ಕೆಂಪು. ಪವರ್ ಪ್ಯಾನೆಲ್ ಕೂಡ ಇದೇ ಬಸ್ ಮೇಲೆ ಯಾವ ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಹೇಳುತ್ತಿರುತ್ತದೆ. ಆ ಅಂಕಿಗಳೂ ಪರದೆಯಲ್ಲಿ ನಿಂತುಹೋಗಿದ್ದವು.

ಅವಳು ನೆಲದ ಮೇಲೆ ಅಂಗಾತ ಮಲಗಿ, ಟಾರ್ಚ್ ಹಿಡಿದು, ಹಳದಿ–ಹಸಿರು ತಂತಿಯನ್ನು ಬೆರಳಿನಿಂದ ಮುಟ್ಟಿಕೊಂಡು ಹೋದಳು. ಇನ್ನೊಬ್ಬ ಬರೆದುಕೊಂಡ. ರೋಬೋರಿಯೊ, ಎಡ ಮುಂದಿನದು, ಎಡ ಹಿಂದಿನದು, ಲಿಫ್ಟ್, ಬಲ ಹಿಂದಿನದು, ಬಲ ಮುಂದಿನದು, ರೋಲರ್, ಪವರ್ ಪ್ಯಾನೆಲ್. ಬರೆದು ಮುಗಿಸಿ, ಕೆಂಪು ಮಿನುಗುವವುಗಳ ಕೆಳಗೆ ಗೆರೆ ಎಳೆದ. ಗೆರೆ ಲಿಫ್ಟಿನಿಂದ ಶುರುವಾಗಿ ಕೊನೆಯವರೆಗೂ ತುಂಡಾಗದೆ ಹೋಯಿತು.

ಆ ಕಾಗದ ನೋಡಿದ ಮೇಲೆ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. 'ಬಲಗಡೆ ಮತ್ತು ಲಿಫ್ಟ್' ಅಂದಾಗ ಅವು ಎರಡು ಬೇರೆ ತೊಂದರೆಗಳ ಹಾಗೆ ಕಾಣುತ್ತಿದ್ದವು. ತಂತಿಯ ಸಾಲಿನಲ್ಲಿ ಇಟ್ಟು ನೋಡಿದರೆ, ಎಡ ಹಿಂದಿನ ಕಂಟ್ರೋಲರ್ ಆದಮೇಲೆ ಮಾತು ಮುಂದೆ ಹೋಗುತ್ತಿಲ್ಲ. ಆರು ಸಾಧನಗಳನ್ನು ಹುಡುಕಬೇಕಿರಲಿಲ್ಲ. ಒಂದು ಕೂಡಿಕೆಯನ್ನು ನೋಡಿದ್ದರೆ ಸಾಕಿತ್ತು.

ಮೀಟರ್ ಹೇಳಿದ್ದು

ಬಸ್‌ನ ಎರಡು ತುದಿಯಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಭಾಗ) ಇರಬೇಕು. ರೋಬೋರಿಯೊದ ಒಳಗೆ ಒಂದಿದೆ, ಪವರ್ ಪ್ಯಾನೆಲ್‌ನಲ್ಲಿ ಇನ್ನೊಂದು. ಪವರ್ ಪೂರ್ತಿ ತೆಗೆದು ಹಳದಿಗೂ ಹಸಿರಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ಎರಡೂ ಸೇರಿ 60 ಓಮ್ ತೋರಿಸುತ್ತದೆ. 120 ಬಂದರೆ ಒಂದು ತುದಿ ಕೈತಪ್ಪಿದೆ. 40 ಬಂದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿ ಎಲ್ಲೋ ಒಂದಕ್ಕೊಂದು ತಾಗಿವೆ.

ಮೀಟರ್ ಹಿಡಿದೆವು. 60.

ಹುಡುಗರು ನನ್ನ ಮುಖ ನೋಡಿದರು. ಇಲ್ಲೇ ಬಹಳ ಜನ ಮೀಟರ್ ಕೆಳಗಿಟ್ಟು 'ವೈರಿಂಗ್ ಸರಿಯಿದೆ' ಎಂದುಬಿಡುತ್ತಾರೆ. ನಮ್ಮ ರೋಬೋಟ್ ನಿಂತಲ್ಲಿ ನಿಂತು ಕೆಟ್ಟಿರಲಿಲ್ಲ, ಕುಲುಕಿದಾಗ ಕೆಟ್ಟಿತ್ತು. ಎತ್ತಿ ಮೇಜಿನ ಮೇಲೆ ಇಡುವಷ್ಟರಲ್ಲಿ ತಂತಿ ಮತ್ತೆ ತಾಗಿಕೊಂಡಿತ್ತು. ಹಾಗಾಗಿ ಕುಲುಕುತ್ತಲೇ ಅಳೆಯಬೇಕು. ಅದೂ ಮೆಲ್ಲಗೆ. ಸಾಮಾನ್ಯ ಮೀಟರ್ ಒಂದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಪಟಪಟ ಅಲುಗಿಸಿದರೆ ಕ್ಷಣಮಾತ್ರದ ಬಿಡುವು ಅದಕ್ಕೆ ಕಾಣುವುದೇ ಇಲ್ಲ. ತಂತಿಯನ್ನು ಒಂದು ಕಡೆ ಬಾಗಿಸಿ, ಹಾಗೇ ಹಿಡಿದು, ಎರಡು ಎಣಿಸಿ, ಇನ್ನೊಂದು ಕಡೆ ಬಾಗಿಸಬೇಕು.

ಅವಳು ಎಡ ಹಿಂದಿನ ಕಂಟ್ರೋಲರ್‌ಗೂ ಲಿಫ್ಟಿಗೂ ನಡುವಿನ ಕನೆಕ್ಟರ್ ಹಿಡಿದು ಚೌಕಟ್ಟಿನ ಕಡೆಗೆ ಬಾಗಿಸಿದಳು. 60 ಇದ್ದದ್ದು 120 ಆಯಿತು. ಬಿಟ್ಟಳು, 60. ಬಾಗಿಸಿದಳು, 120. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಇನ್ನೊಂದು ಹೆಜ್ಜೆ ಬಾಕಿಯಿತ್ತು. ಕನೆಕ್ಟರಿನ ಯಾವ ಬದಿ? ಅದನ್ನು ಬಿಚ್ಚಿದರೆ ಬಸ್ ಎರಡು ತುಂಡಾಗುತ್ತದೆ, ಒಂದೊಂದು ತುಂಡಿಗೂ ಒಂದೊಂದೇ ರೆಸಿಸ್ಟರ್. ಎರಡೂ ಕಡೆ 120 ಬರಬೇಕು. ಲಿಫ್ಟಿನ ಕಡೆ ಎಷ್ಟು ಬಾಗಿಸಿದರೂ 120 ಅಲುಗಲಿಲ್ಲ. ಎಡ ಹಿಂದಿನ ಕಂಟ್ರೋಲರ್‌ನಿಂದ ಬಂದ ಕಡೆ ಬಾಗಿಸಿದಾಗ ಮೀಟರ್ ದಾರಿಯೇ ಇಲ್ಲ ಎಂದಿತು. ದೀಪಗಳು ಇಷ್ಟು ಸ್ಪಷ್ಟವಾಗಿ ಹೇಳದಿದ್ದರೂ ಇದೇ ಉಪಾಯ ನಡೆಯುತ್ತದೆ. ಮಧ್ಯದ ಕೂಡಿಕೆ ಬಿಚ್ಚಿ ಎರಡೂ ಬದಿ ಅಳೆಯುವುದು, ಕೆಟ್ಟ ಬದಿಯನ್ನು ಮತ್ತೆ ಅರ್ಧ ಮಾಡುವುದು. ಮೂರು ಸಲ ಅಳೆಯುವಷ್ಟರಲ್ಲಿ ಜಾಗ ಸಿಕ್ಕಿಬಿಡುತ್ತದೆ.

ನಾಲ್ಕು ಎಳೆ ತಾಮ್ರ

ಕನೆಕ್ಟರಿನಿಂದ ಹಸಿರು ತಂತಿಯ ಪಿನ್ ಹೊರತೆಗೆದು ಭೂತಗನ್ನಡಿ ಹಿಡಿದೆವು. ತಂತಿಯ ಸಿಪ್ಪೆಯನ್ನು ಸಾಲುವಷ್ಟು ಸುಲಿದಿರಲಿಲ್ಲ. ಪಿನ್ನಿನ ರೆಕ್ಕೆಗಳು ತಾಮ್ರವನ್ನು ಕಚ್ಚುವ ಬದಲು ಪ್ಲಾಸ್ಟಿಕ್ ಸಿಪ್ಪೆಯನ್ನು ಕಚ್ಚಿದ್ದವು. ನಾಲ್ಕೇ ನಾಲ್ಕು ಎಳೆ ತಾಮ್ರ ಮುಂದೆ ಚಾಚಿಕೊಂಡು ಲೋಹಕ್ಕೆ ಒರಗಿತ್ತು. ಅದರಲ್ಲೂ ಒಂದು ತುಂಡಾಗಿ ಬಾಗಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಯಾದ ಕ್ರಿಂಪ್ (ಪಿನ್ನನ್ನು ಒತ್ತಿ ತಂತಿಗೆ ಕಚ್ಚಿಸಿದ ಜೋಡಣೆ), ಎಳೆದರೂ ಬರುತ್ತಿರಲಿಲ್ಲ. ಸಿಪ್ಪೆಯನ್ನು ಅಷ್ಟು ಬಿಗಿಯಾಗಿ ಹಿಡಿದಿತ್ತು. ಅದರ ಜೊತೆಗೆ ಆ ಜಾಗದಲ್ಲಿ ತಂತಿಯನ್ನು ಲಿಫ್ಟಿನ ಬುಡಕ್ಕೆ ಜಿಪ್ ಟೈ ಹಾಕಿ ಜಗ್ಗಿ ಕಟ್ಟಿದ್ದರು. ಒಂದಿಷ್ಟೂ ಸಡಿಲ ಇರಲಿಲ್ಲ. ರೋಬೋಟ್ ಕುಲುಕಿದಾಗಲೆಲ್ಲ ಲಿಫ್ಟಿನ ಕಂಬ ಅಲುಗಿ, ಪಿನ್ನನ್ನು ಎಳೆಯುತ್ತಿತ್ತು.

ಹಸಿರು ಒಂದೇ ಬಿಟ್ಟಿದ್ದರೆ ಹಳದಿಯ ಮೇಲಾದರೂ ಮಾತು ಹೋಗಬಹುದಿತ್ತಲ್ಲ ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಬಸ್ ಸುಮ್ಮನಿದ್ದಾಗ ಎರಡೂ ತಂತಿ ಸುಮಾರು 2.5 ವೋಲ್ಟ್‌ನಲ್ಲಿರುತ್ತವೆ. ಮಾತಾಡುವಾಗ ಹಳದಿ 3.5ರ ಆಸುಪಾಸಿಗೆ ಏರುತ್ತದೆ, ಹಸಿರು 1.5ರ ಆಸುಪಾಸಿಗೆ ಇಳಿಯುತ್ತದೆ. ಕೇಳುವವನು ನೋಡುವುದು ಇವೆರಡರ ನಡುವಿನ ಅಂತರವನ್ನು ಮಾತ್ರ. ಹಸಿರು ತುಂಡಾದರೆ ಆಚೆ ಬದಿಯ ಹಸಿರನ್ನು ಇಳಿಸುವವರೇ ಇಲ್ಲ. ತುದಿಯ ರೆಸಿಸ್ಟರ್ ಅದನ್ನು ಹಳದಿಗೆ ಕಟ್ಟಿಹಾಕಿರುವುದರಿಂದ ಹಳದಿ ಏರಿದರೆ ಅದೂ ಜೊತೆಗೇ ಏರುತ್ತದೆ. ಅಂತರ ಹುಟ್ಟುವುದೇ ಇಲ್ಲ. ಆಚೆಯವರಿಗೆ ಬಸ್ ಪೂರ್ತಿ ಮೌನ. ಈಚೆಯ ಎಡಗಡೆಯವು ಒಂದೇ ರೆಸಿಸ್ಟರ್ ಇದ್ದರೂ ನಡೆದವು, ಯಾಕೆಂದರೆ ಉಳಿದಿದ್ದ ತಂತಿ ತೀರಾ ಗಿಡ್ಡ. ಇದೇ ಬಸ್ ಹತ್ತಾರು ಮೀಟರ್ ಇದ್ದಿದ್ದರೆ, 1 ಮೆಗಾಬಿಟ್ ವೇಗದಲ್ಲಿ, ತುದಿಯಲ್ಲಿ ರೆಸಿಸ್ಟರ್ ಇಲ್ಲದೆ ಅವೂ ತಡವರಿಸುತ್ತಿದ್ದವು.

ಹೊಸ ಪಿನ್ ಹಾಕಿದೆವು. ತಾಮ್ರಕ್ಕೆ ಒಂದು ಜೊತೆ ರೆಕ್ಕೆ, ಸಿಪ್ಪೆಗೆ ಇನ್ನೊಂದು ಜೊತೆ. ಎರಡೂ ತಮ್ಮ ತಮ್ಮ ಜಾಗದಲ್ಲೇ ಕಚ್ಚಿವೆಯಾ ಎಂದು ಕನ್ನಡಿಯಲ್ಲಿ ನೋಡಿದೆವು. ಜಿಪ್ ಟೈ ಕತ್ತರಿಸಿ, ತಂತಿಗೆ ಒಂದು ಸಣ್ಣ ಕುಣಿಕೆಯಷ್ಟು ಸಡಿಲ ಬಿಟ್ಟು, ಕನೆಕ್ಟರಿನ ಎರಡೂ ಬದಿಯ ತಂತಿ ಒಟ್ಟಿಗೇ ಅಲುಗುವ ಹಾಗೆ ಕಟ್ಟಿದೆವು. ಕನೆಕ್ಟರಿನ ಸುತ್ತ ಟೇಪ್ ಸುತ್ತಿದೆವು. ಡಬ್ಬಿಯಿಂದ ಬಂದ ಕಂಟ್ರೋಲರ್ ತೆಗೆದು, ಏನೂ ಆಗದ ಹಳೆಯದನ್ನೇ ಲಿಫ್ಟಿಗೆ ವಾಪಸ್ ಹಾಕಿದೆವು. ಡಬ್ಬಿಯದರ ಮೇಲೆ ಅದರ ಈಗಿನ ಐಡಿಯನ್ನು ಮಾರ್ಕರ್‌ನಲ್ಲಿ ಬರೆದಿಟ್ಟೆವು.

ಪರೀಕ್ಷೆಗೆ ಈ ಸಲ ಪರದೆಯ ಇನ್ನೊಂದು ಮೂಲೆ ನೋಡಿದೆವು. ಓಡಿಸುವ ಲ್ಯಾಪ್‌ಟಾಪ್‌ನಲ್ಲಿ ಬಸ್‌ನ ತಪ್ಪುಗಳ ಲೆಕ್ಕ ಬರುತ್ತದೆ: ಕಳಿಸುವಾಗ ಆದದ್ದು ಎಷ್ಟು, ಪಡೆಯುವಾಗ ಆದದ್ದು ಎಷ್ಟು, ಬಸ್ ಪೂರ್ತಿ ಕೈಬಿಟ್ಟದ್ದು ಎಷ್ಟು ಸಲ. ಮೋಟರ್ ನಿಲ್ಲುವ ಮೊದಲೇ ಇಲ್ಲಿ ಅಂಕಿ ಏರತೊಡಗುತ್ತದೆ. ಒಬ್ಬ ಈ ಅಂಕಿಗಳ ಮೇಲೆ ಕಣ್ಣಿಟ್ಟು ಕೂತ. ರೋಬೋಟನ್ನು ಪಟ್ಟಿಯ ಮೇಲೆ 20 ಸಲ ಹತ್ತಿಸಿ ಇಳಿಸಿದೆವು. ಎಲ್ಲ ಅಂಕಿಗಳೂ ಸೊನ್ನೆಯಲ್ಲೇ ನಿಂತಿದ್ದವು.

ಮಕ್ಕಳು ದಂಡೆಯ ಚಿತ್ರವನ್ನು ದೊಡ್ಡದಾಗಿ ಬರೆದು ಉಪಕರಣದ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದರು. ಪ್ರತಿ ಹೆಸರಿನ ಕೆಳಗೆ ಐಡಿ ನಂಬರ್ ಬರೆದರು. ಕೋಡ್ ಬರೆಯುವ ಹುಡುಗ, ಆರರಲ್ಲಿ ಯಾವುದಾದರೂ ಬಸ್‌ನಲ್ಲಿ ಕಾಣದಿದ್ದರೆ ಅದರ ಹೆಸರನ್ನು ಇದೇ ತಂತಿಯ ಸಾಲಿನಲ್ಲಿ ಪರದೆಯ ಮೇಲೆ ತೋರಿಸುವ ಹಾಗೆ ಹತ್ತು ಸಾಲು ಸೇರಿಸಿದ. ಮೊದಲು ಅವನ ಮೇಲೆ ಅನುಮಾನ ಪಟ್ಟಿದ್ದಕ್ಕೆ ಎಲ್ಲರೂ ಅವನ ಹತ್ತಿರ ಕ್ಷಮೆ ಕೇಳಿದರು. ನಾನೂ ಕೇಳಿದೆ.

ವೈರಿಂಗ್ ಹುಡುಗಿ ಮಾತ್ರ ಎದ್ದು ಬರಲಿಲ್ಲ. ಕಂಟ್ರೋಲರ್‌ಗಳ ನಡುವೆ ಐದು ಕೂಡಿಕೆ, ಒಂದೊಂದರಲ್ಲಿ ನಾಲ್ಕು ಪಿನ್, ಒಟ್ಟು 20. ಒಂದು ಸರಿಮಾಡಿ ಆಗಿತ್ತು. ಉಳಿದ 19ನ್ನೂ ಒಂದೊಂದಾಗಿ ಹೊರತೆಗೆದು ಕನ್ನಡಿಯಲ್ಲಿ ನೋಡತೊಡಗಿದಳು. ಕತ್ತಲಾಗುವಷ್ಟರಲ್ಲಿ ಸಿಪ್ಪೆ ಕಚ್ಚಿದ ಪಿನ್ನುಗಳು ಇನ್ನೂ ಎರಡು ಸಿಕ್ಕವು. ಒಂದು ಬಲ ಹಿಂದಿನದರಲ್ಲಿ, ಇನ್ನೊಂದು ರೋಲರ್‌ನಲ್ಲಿ.